ಬಿಡದ ಉಸಿರು

ಹಾಡು ರೆಕಾರ್ಡ್ ಮಾಡುವ ನನ್ನ ಹೊಟ್ಟೆ ತುಂಬಿಸುವುದೇ ಈ ಕಿವಿ. ಅದು ನನಗೆ ಸುಳ್ಳು ಹೇಳುವುದಿಲ್ಲ.

ಸೋಮವಾರ ನನ್ನ ಗಾಯಕಿ ಗೆಳತಿಯ ಗಂಟಲಿಗೆ ಆಪರೇಷನ್. ಆಮೇಲೆ ದನಿ ಉಳಿಯುತ್ತದೋ ಇಲ್ಲವೋ ಎಂದು ಅದಕ್ಕೆ ಮೊದಲೇ ಅವಳ ಮನೆಯಲ್ಲೇ, ಒಂದೇ ಮೈಕಿನಲ್ಲಿ, ಆರು ಹಾಡು ರೆಕಾರ್ಡ್ ಮಾಡಿಕೊಂಡೆ.

"ಉಸಿರಿನ ಸದ್ದು ಹಾಗೇ ಇರ್ಲಿ ಕಣೋ. ಹೆಣಕ್ಕೆ ಸಿಂಗಾರ ಮಾಡಿದ ಹಾಗೆ ನುಣ್ಣಗೆ ಮಾಡ್ಬೇಡ," ಎಂದಿದ್ದಳು.

ರೆಕಾರ್ಡಿಂಗಿನ ಮರುದಿನ ಮಧ್ಯಾಹ್ನ ಮಿಕ್ಸಿಂಗಿಗೆ ಕೂತವನು ಮೊದಲ ಹಾಡನ್ನೇ ನಿಲ್ಲಿಸಿ ಮತ್ತೆ ಹಾಕಿದೆ. ಅವಳು ಒಂದು ಸ್ವರವನ್ನು ಉದ್ದಕ್ಕೆ ಹಿಡಿದಿರುವಾಗಲೇ ಉಸಿರೆಳೆದುಕೊಂಡ ಸದ್ದು. ಹಾಡುತ್ತ ಉಸಿರೆಳೆಯಲು ಯಾರಿಗೂ ಆಗುವುದಿಲ್ಲ. ಅವಳ ಜೊತೆ ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ; ನಾನೋ, ಪಕ್ಕದ ಕೋಣೆಯಲ್ಲಿದ್ದೆ. ಆರೂ ಹಾಡಿನಲ್ಲಿ ಅದಿತ್ತು. ಹಾಡಿನಿಂದ ಹಾಡಿಗೆ ಮೈಕಿಗೆ ಹತ್ತಿರ ಬಂದಿತ್ತು.

ಹಾಡುಗಳ ನಡುವೆ ತುಂಬಲೆಂದು ಕೊನೆಯಲ್ಲಿ ಖಾಲಿ ಕೋಣೆಯ ಮೌನವನ್ನೂ ಒಂದು ನಿಮಿಷ ಹಿಡಿದಿದ್ದೆ. ಆಗ ನಾವಿಬ್ಬರೂ ಹೊರಗೆ ಮೆಟ್ಟಿಲ ಮೇಲಿದ್ದೆವು. ಅದನ್ನು ಹಾಕಿದೆ. ಇಪ್ಪತ್ತನೇ ಸೆಕೆಂಡಿಗೆ, ಮೈಕಿಗೆ ತುಟಿ ತಾಗುವಷ್ಟು ಹತ್ತಿರದಲ್ಲಿ, ಯಾರೋ ಹಾಡಲು ಹೊರಟವರ ಹಾಗೆ ದೀರ್ಘವಾಗಿ ಉಸಿರೆಳೆದುಕೊಂಡರು.

ಅಷ್ಟರಲ್ಲಿ ಅವಳದೇ ಫೋನ್. "ಹಾಡೆಲ್ಲ ಹೇಗೆ ಬಂದಿದೆಯೋ?"

"ಚೆನ್ನಾಗಿದೆ ಕಣೇ," ಎಂದೆ. ಉಳಿದದ್ದಕ್ಕೆ ಉಸಿರೆತ್ತಲಿಲ್ಲ.

ಮಿಕ್ಕ ನಲವತ್ತು ಸೆಕೆಂಡನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಎಳೆದುಕೊಂಡ ಆ ಉಸಿರನ್ನು ಬಿಟ್ಟ ಸದ್ದು ಎಲ್ಲೂ ಇಲ್ಲ.