ಲಾರ್ಕಿನ್ ಹೊಳೆಯ ಕಪ್ಪು ಕೆಸರು

ಸೆಪ್ಟೆಂಬರ್ ಹನ್ನೆರಡರ ಬೆಳಿಗ್ಗೆ ಬರ್ನಿಸ್ ಪೊಯರಿಯೆ ಲಾರ್ಕಿನ್ ಠಾಣೆಗೆ ಬಂದು ಇನ್ಸ್‌ಪೆಕ್ಟರ್ ಗಾರ್ತ್ ಮೆಕಿನ್ನನ್‌ನ ಮೇಜಿನ ಮೇಲೆ ಬಕೆಟ್ ಇಟ್ಟಳು. ಒಳಗೆ ಬಾಯಿ ತೆರೆದು ಸತ್ತ ಸಿಂಪಿಗಳು. ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಲಾರ್ಕಿನ್ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಸಿಂಪಿ ಸಾಕುವುದೇ ಅವಳ ಬದುಕು.

"ಕೆಳಗಿಡಮ್ಮ, ಇನ್ನೂ ತಿಂಡಿ ತಿಂದಿಲ್ಲ."

"ಎಷ್ಟು ಸಲ ಬರ್ಬೇಕು ಗಾರ್ತ್? ಆ ಆಲೂಗಡ್ಡೆ ಕಾರ್ಖಾನೆಯೋರೇ ಹೊಳೆಗೆ ಹೊಲಸು ಬಿಡ್ತಿರೋದು."

"ನೀರು ಪರೀಕ್ಷೆ ಮಾಡಿಸಿದ್ವಲ್ಲ. ಚೆನ್ನಾಗಿದೆ ಅಂತಲೇ ಬಂತು."

"ಹಾಗಾದ್ರೆ ನೀನೇ ಒಂದು ಲೋಟ ಕುಡಿ."

ಗಾರ್ತ್ ಅಪರಿಚಿತರ ಮೇಲೆ ಎಫ್‌ಐಆರ್ ದಾಖಲಿಸಿದ. ಬೇಸಿಗೆಯಿಡೀ ಇಂಥ ದೂರುಗಳೇ. ನಿವೃತ್ತಿ ಹತ್ತಿರವಿತ್ತು, ಮಂಡಿ ನೋಯುತ್ತಿತ್ತು. ಆದರೂ ವಿಶ್ವವಿದ್ಯಾಲಯದ ಲೂಸಿಲ್ ಡೋರನ್‌ಗೆ ಫೋನ್ ಮಾಡಿದ. ಜಲತಳದ ಹೂಳು ಅವಳ ಅಧ್ಯಯನದ ವಿಷಯ.

"ನೀರು ಭರತ ಇಳಿತಕ್ಕೆ ಕೊಚ್ಚಿಕೊಂಡು ಹೋಗುತ್ತೆ ಸಾರ್. ಹೊಲಸು ತಳದಲ್ಲಿ ಕೂರುತ್ತೆ. ಕೆಸರು ನೋಡ್ಬೇಕು," ಎಂದಳು ಆಕೆ.

ಮರುದಿನ ಕಾನ್ಸ್‌ಟೇಬಲ್ ಶೀನಾ ದೋಣಿ ನಡೆಸಿದಳು. ಲೂಸಿಲ್ ಪಾರದರ್ಶಕ ಕೊಳವೆಯನ್ನು ತಳಕ್ಕೆ ಒತ್ತಿ ಮೇಲೆಳೆದಳು. ಕೆಳಗೆ ಬೂದು ಜೇಡಿಮಣ್ಣು. ಮೇಲಿನ ನಾಲ್ಕು ಬೆರಳಷ್ಟು ಡಾಂಬರಿನಂತೆ ಕಪ್ಪು. ಕೊಳೆತ ಮೊಟ್ಟೆಯ ನಾತಕ್ಕೆ ಶೀನಾ ಮುಖ ತಿರುಗಿಸಿದಳು.

"ಈ ಕಪ್ಪಿನಲ್ಲಿ ಸಾವಯವ ಇಂಗಾಲ ಜಾಸ್ತಿ ಇರುತ್ತೆ," ಎಂದಳು ಲೂಸಿಲ್. "ಅಂದ್ರೆ ಕೊಳೆಯೋ ಪದಾರ್ಥ. ಅದು ಕೊಳೀತಾ ನೀರಿನ ಆಮ್ಲಜನಕ ತಿಂದುಬಿಡುತ್ತೆ. ಸಿಂಪಿ ಉಸಿರುಕಟ್ಟಿ ಸತ್ತಿವೆ."

"ಯಾರದ್ದು ಅಂತ ಕೆಸರು ಹೇಳುತ್ತಾ?"

"ಎಲ್ಲಿಂದ ಬಂತು ಅಂತ ಹೇಳುತ್ತೆ. ಯಾರು ಅಂತ ನೀವು ಹುಡುಕಿ."

ಹೊಳೆಯುದ್ದಕ್ಕೂ ಮಾದರಿ ತೆಗೆದರು. ದಡದಲ್ಲೇ ಮಹಜರು ಬರೆದು ಸೀಸೆಗಳಿಗೆ ಮೊಹರು ಹಾಕಿದರು.

ಮುಂದಿನ ವಾರ ವರದಿ ಬಂತು. ಕಾರ್ಖಾನೆಯ ಕಾಲುವೆ ಬಾಯಲ್ಲಿ ಇಂಗಾಲ ಮಾಮೂಲಿನಷ್ಟೇ ಇತ್ತು. ಪಶ್ಚಿಮದ ಕವಲಿನಲ್ಲಿ ಮಾತ್ರ ಮೇಲೆ ಮೇಲೆ ಹೋದಂತೆ ಏರಿತ್ತು. ಆ ಕವಲಿನ ಸೇತುವೆಯ ಹತ್ತಿರ ಎಲ್ಲಕ್ಕಿಂತ ಹೆಚ್ಚು. ಅದರಾಚೆಗೆ ತಟ್ಟನೆ ಇಳಿದಿತ್ತು. ಸೇತುವೆಯ ಬಳಿ ಇದ್ದದ್ದು ಒಂದೇ ಡೈರಿ, ಆಲ್ಡನ್ ಮೆಕ್ಫೀಯದು.

"ಅವ್ರು ಬರ್ನಿಸ್‌ಳ ಸ್ವಂತ ಅಕ್ಕನ ಗಂಡ ಅಲ್ವಾ ಸಾರ್?" ಎಂದಳು ಶೀನಾ.

"ಹೌದು. ಜೀಪ್ ತೆಗಿ."

ಸೇತುವೆಯ ಕೆಳಗಿನ ಮುಳ್ಳುಪೊದೆ ಸರಿಸಿದಾಗ ಹಳೆಯ ಕೊಳವೆಯ ಬಾಯಿ ಕಂಡಿತು. ಅದರ ಇನ್ನೊಂದು ತುದಿ ಆಲ್ಡನ್‌ನ ಸಗಣಿ ತೊಟ್ಟಿಯಲ್ಲಿತ್ತು. ತೊಟ್ಟಿಯ ಗೋಡೆ ಉದ್ದಕ್ಕೂ ಬಿರುಕು ಬಿಟ್ಟಿತ್ತು. ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಆಲ್ಡನ್ ಓಡಲಿಲ್ಲ.

"ಯಾವಾಗಿಂದ ಬಿಡ್ತಿದೀಯ?"

"ಹಿಮ ಕರಗಿದಾಗಿಂದ. ಮಳೆ ಬಂದಾಗ ಮಾತ್ರ. ತೊಳ್ಕೊಂಡು ಹೋಗುತ್ತೆ ಅಂದ್ಕೊಂಡೆ."

"ಕೆಳಗೆ ಯಾರ ಸಿಂಪಿ ಇದ್ವು ಗೊತ್ತಿತ್ತಾ?"

ಆಲ್ಡನ್ ಟೋಪಿ ತೆಗೆದ. "ಗೊತ್ತಿತ್ತು."

"ತೊಟ್ಟಿ ರಿಪೇರಿ ಮಾಡಿಸೋಕೇನಾಗಿತ್ತು?"

"ರಿಪೇರಿಗೆ ಸರ್ಕಾರದೋರಿಗೆ ಹೇಳ್ಬೇಕು. ಹೇಳಿದ್ರೆ ಕೊಟ್ಟಿಗೆಗೆ ಬೀಗ ಹಾಕ್ತಿದ್ರು. ದನ ಹರಾಜಿಗೆ ಹೋಗ್ತಿದ್ವು." ಅವನು ಒಳಗೆ ಕೈ ತೋರಿಸಿದ. ಹೆಂಡತಿ ಐರಿಸ್ ಒಂದು ಹಸುವಿನ ಮೈ ಉಜ್ಜುತ್ತ ಮೆಲ್ಲಗೆ ಮಾತಾಡುತ್ತಿದ್ದಳು. "ಮರೆವಿನ ಕಾಯಿಲೆ ಅವಳಿಗೆ. ನೀನ್ಯಾರು ಅಂತ ನನ್ನನ್ನೇ ದಿನಾ ಕೇಳ್ತಾಳೆ. ಮನೇಲಿ ಕೂರಿಸಿದ್ರೆ ಅಳ್ತಾಳೆ. ಇಲ್ಲಿ ಒಂದೊಂದು ದನದ ಹೆಸರೂ ತಪ್ಪದೆ ಹೇಳ್ತಾಳೆ, ಗಾರ್ತ್. ಉಳಿದಿರೋದು ಅಷ್ಟೇ."

ಗಾರ್ತ್ ಬಂಧನದ ಕಾರಣ ಓದಿ ಹೇಳಿದ, ಕೋಳ ಹಾಕಲಿಲ್ಲ. ಶೀನಾಳನ್ನು ಐರಿಸ್ ಜೊತೆ ಬಿಟ್ಟು ಆಲ್ಡನ್‌ನನ್ನು ಠಾಣೆಗೆ ಕರೆತಂದ.

ಮಧ್ಯಾಹ್ನ ಬರ್ನಿಸ್‌ಗೆ ಎಲ್ಲ ಹೇಳಿದ. ಅವಳು ಠಾಣೆಯ ಬೆಂಚಿನ ಮೇಲೆ ಕೂತಳು.

"ದೂರು ವಾಪಸ್ ತಗೋತೀಯಾ?"

"ಇಲ್ಲ. ನನ್ನ ಹತ್ರ ಒಂದು ಮಾತು ಹೇಳ್ಬಹುದಿತ್ತು ಅವನು." ಕಣ್ಣೊರೆಸಿಕೊಂಡಳು. "ಸಂಜೆ ಹಾಲು ಕರೆಯೋಕೆ ಯಾರಿದಾರೆ?"

"ಯಾರೂ ಇಲ್ಲ."

ಬರ್ನಿಸ್ ಎದ್ದು ಕೋಟು ಹಾಕಿಕೊಂಡಳು.

"ಶೀನಾಗೆ ಫೋನ್ ಮಾಡು. ತಂಗಿ ಬರ್ತಿದಾಳೆ ಅಂತ ಐರಿಸ್‌ಗೆ ಹೇಳೋದು ಬೇಡ, ಯಾವ ತಂಗಿ ಅಂತ ಗಾಬರಿಯಾಗ್ತಾಳೆ. ಹಾಲು ಕರೆಯೋಕೆ ಕೆಲಸದೋಳು ಬರ್ತಿದಾಳೆ ಅನ್ಲಿ."