ಅವನೊಬ್ಬನನ್ನೇ ಕೇಳಿದ ಕಾಗದ

"ನಿಮ್ಮ ಅಜ್ಜನ ಕಾಲದ ಕಾಗದ ಏನಾದ್ರೂ ಇದೆಯಾ?"

ಆತಿಫಾ ಕೇಳಿದ್ದು ಇಷ್ಟೇ. ಎದುರು ನಿಂತಿದ್ದ ರಿಹಾನನ ಮುಖದ ನಗು ಅಲ್ಲೇ ಆರಿಹೋಯಿತು.

ಶಿಕಾರಿಪುರದ ಆ ಕಾಲೇಜಿನ ವರಾಂಡದಲ್ಲಿ ಬೆಳಗಿನಿಂದ ಸಾಲು ಕರಗಿರಲಿಲ್ಲ. ಹದಿನೆಂಟು ತುಂಬಿದವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವ ಶಿಬಿರ. ಅದೇ ಊರಿನವಳಾದ, ಕೊನೆಯ ವರ್ಷದ ಆತಿಫಾ ಮೇಜಿನ ಹಿಂದೆ ಕೂತು ಎಲ್ಲರಿಗೂ ಬಿಡಿಸಿ ಹೇಳುತ್ತಿದ್ದಳು. ಹಾಸ್ಟೆಲಿನವರ ಮತ ಊರಲ್ಲಾದರೂ ಇರಬಹುದು, ಇಲ್ಲಾದರೂ ಇರಬಹುದು, ಎರಡೂ ಕಡೆ ಮಾತ್ರ ಇರಬಾರದು. ಚುನಾವಣೆಗೆ ನಿಂತವರಲ್ಲಿ ಯಾರೂ ಬೇಡವೆನಿಸಿದರೆ ಅದಕ್ಕೂ ಮತಯಂತ್ರದಲ್ಲಿ ಒಂದು ಗುಂಡಿಯಿದೆ. ಅದನ್ನು ಒತ್ತುವುದಕ್ಕೂ ಪಟ್ಟಿಯಲ್ಲಿ ಹೆಸರಿರಬೇಕು.

ಸಾಲಿನ ತುದಿಯಲ್ಲಿ ರಿಹಾನ್ ನಿಂತಿದ್ದ. ದಿನಾ ಆನವಟ್ಟಿ ಬಸ್ಸಿನಲ್ಲಿ ಬರುವವನು. ಹಿಂದೆ ಬಂದವರನ್ನೆಲ್ಲ ಮುಂದೆ ಬಿಟ್ಟು ತಾನು ಕೊನೆಯವನಾಗಿಯೇ ಉಳಿದಿದ್ದ. ಯಾಕೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ದುಪಟ್ಟಾ ಸರಿಮಾಡಿಕೊಂಡಿದ್ದಳು.

"ನನ್ನ ಮುಂದೆ ಇದ್ದ ಚನ್ನೇಶನ ಹತ್ರ ಏನ್ ಕೇಳಿದ್ರೀ?" ರಿಹಾನನ ದನಿ ತಣ್ಣಗಿತ್ತು.

"ಆಧಾರ್... ಫೋಟೋ..."

"ನಾನು ಮಾತ್ರ ಅಜ್ಜನ್ನೂ ಕರ್ಕೊಂಡ್ ಬರ್ಬೇಕಾ?"

ಪಕ್ಕದಲ್ಲಿದ್ದ ಚನ್ನೇಶ್ ಕಿಸಕ್ಕನೆ ನಕ್ಕ. ರಿಹಾನ್ ಮೇಜಿನ ಮೇಲಿಟ್ಟಿದ್ದ ತನ್ನ ಫೋಟೋ ಎತ್ತಿಕೊಂಡು ಮೆಟ್ಟಿಲಿಳಿದುಬಿಟ್ಟ.

ಅವಳು ಕೆಟ್ಟದ್ದೆಣಿಸಿ ಕೇಳಿರಲಿಲ್ಲ. ನಮ್ಮವರು ಎಲ್ಲಿಗೆ ಹೋದರೂ ಒಂದು ಕಾಗದ ಹೆಚ್ಚಿಗೆ ಇಟ್ಟುಕೊಂಡಿರಬೇಕು ಎಂದು ಅಪ್ಪ ಅಸ್ಲಂ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದರು. ರೇಷನ್ ತರಲು ಹೋಗುವಾಗಲೂ ಅವರ ಕಂಕುಳಲ್ಲಿ ಮನೆಯ ಹಳೇ ಪತ್ರಗಳ ಚೀಲವಿರುತ್ತಿತ್ತು. ರಿಹಾನನ ಅರ್ಜಿ ಎಲ್ಲಿ ತಿರಸ್ಕಾರವಾಗುತ್ತದೋ ಎಂಬ ಅಕ್ಕರೆಯಲ್ಲಿ ಕೇಳಿದ್ದಳು.

ಅಕ್ಕರೆ! ಕಾನೂನು ಕೇಳಿರಲಿಲ್ಲ. ಅಧಿಕಾರಿ ಕೇಳಿರಲಿಲ್ಲ. ಅವಳೆದೆಯಲ್ಲಿ ಬೀಡುಬಿಟ್ಟಿದ್ದ ಭಯ ಕೇಳಿತ್ತು. ಅನುಮಾನಿಸುವವರಿಗೆ ಇನ್ನು ಬಾಯಿ ನೋಯಿಸಿಕೊಳ್ಳುವ ಕೆಲಸವೂ ಇಲ್ಲ. ಅವರ ಪ್ರಶ್ನೆಯನ್ನು ನಾವೇ ನಮ್ಮವರಿಗೆ ಕೇಳುತ್ತೇವೆ.

ಆ ದಿನ ಕನ್ನಡಿ ನೋಡಲೂ ನಾಚಿಕೆಯಾಯಿತು. ಮರುದಿನ ರಿಹಾನ್ ಕಾಲೇಜಿಗೂ ಬರಲಿಲ್ಲ. ಅರ್ಜಿ ಹಾಕಲು ಅದೇ ಕೊನೆಯ ದಿನ. ತಪ್ಪಿದರೆ ಬರುವ ಚುನಾವಣೆಗೆ ಅವನ ಹೆಸರಿರುವುದಿಲ್ಲ.

'ನನ್ನಿಂದ ಅವನ ಮತ ಹೋಯಿತು... ಮತ ಮಾತ್ರವೇ?'

ಅಪ್ಪನಿಗೆ ಎಲ್ಲವನ್ನೂ ಹೇಳಿ ಆನವಟ್ಟಿ ಬಸ್ಸು ಹತ್ತಿದಳು.

ರಿಹಾನನ ತಂದೆ ಗುಲಾಬ್ ಸಾಬರಿಗೆ ಹತ್ತಿ ಹಾಸಿಗೆ ಹೊಲಿಯುವ ಅಂಗಡಿ. ಗಿರಾಕಿಗಳಿದ್ದರು. ಅಪ್ಪನ ಪಕ್ಕದಲ್ಲಿ ಹತ್ತಿ ತುಂಬುತ್ತಿದ್ದ ರಿಹಾನ್ ತಲೆಯೆತ್ತಿದ. ಕೂದಲ ತುಂಬ ಹತ್ತಿಯ ಬಿಳಿ ಎಳೆಗಳು. ಒಳಗೆ ಬಂದು ಕೂತು ಮಾತಾಡು ಮಗಳೇ ಎಂದು ಸಾಬರು ಉರ್ದುವಿನಲ್ಲಿ ಕರೆದರು.

ಆತಿಫಾ ಹೊಸ್ತಿಲು ದಾಟಲಿಲ್ಲ. ನಾಲ್ಕು ಜನರೆದುರು ಕನ್ನಡದಲ್ಲಿ ಮಾಡಿದ ಅವಮಾನಕ್ಕೆ ಮನೆಮಾತಿನಲ್ಲಿ ಗುಟ್ಟಾಗಿ ಕ್ಷಮೆ ಕೇಳಬಾರದು ಎಂದು ಬಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು.

"ಎಲ್ರಿಗೂ ಕೇಳಿದಷ್ಟೇ ನಿಮಗೂ ಕೇಳ್ಬೇಕಿತ್ತು. ಹೆಚ್ಚಿಗೆ ಕೇಳ್ದೆ. ನಂದೇ ತಪ್ಪು ರಿಹಾನ್. ನನಗೆ ನಾಚಿಕೆ ಆಗ್ತಿದೆ."

ಗಿರಾಕಿಗಳು ತಿರುಗಿ ನೋಡಿದರು.

"ಬೇರೆ ಯಾರಾದ್ರೂ ಕೇಳಿದ್ರೆ ಜಗಳ ಆಡಿ ಬರ್ತಿದ್ದೆ," ಅವನು ನಿಧಾನವಾಗಿ ಹೇಳಿದ. "ನೀವು ಕೇಳಿದ್ರಿ ನೋಡ್ರಿ... ಜಗಳ ಆಡೋಕೂ ಮನಸ್ಸು ಬರ್ಲಿಲ್ಲ."

"ನೀವು ಅಂತಲೇ ಹೆದರಿದ್ದು. ಬೇರೆಯವ್ರದ್ದು ತಿರಸ್ಕಾರ ಆದ್ರೆ ಇನ್ನೊಂದು ಹಾಕ್ರಿ ಅಂತಿದ್ದೆ. ನಿಮ್ಮದು ಆದ್ರೆ..."

ಅವಳ ಕಣ್ಣು ತುಂಬಿ ಬಂತು.

ಗುಲಾಬ್ ಸಾಬರು ಇಬ್ಬರನ್ನೂ ನೋಡಿದರು. ಈ ಸಲ ಎಲ್ಲರಿಗೂ ಕೇಳುವಂತೆ ಕನ್ನಡದಲ್ಲೇ ಗದರಿದರು. "ಹುಡುಗಿ ಬಿಸ್ಲಾಗೆ ನಿಂತೈತೆ, ಆಧಾರ್ ತಂದು ಕೊಡೋ ಮಾರಾಯಾ."

ಹೊಸ ಹಾಸಿಗೆಯ ಅಂಚಿನಲ್ಲಿ ಕೂತು ಆತಿಫಾ ಮೊಬೈಲಿನಲ್ಲಿ ಅರ್ಜಿ ತುಂಬಿದಳು. ಆಧಾರ್, ಫೋಟೋ. ಬೇರೇನೂ ಕೇಳಲಿಲ್ಲ. ಮತ ಊರಲ್ಲೇ ಇರಲಿ ಎಂದ ರಿಹಾನ್. ಅರ್ಜಿ ಹೋಯಿತು.

ಬಸ್ ನಿಲ್ದಾಣದವರೆಗೆ ಬಿಡಲು ಬಂದವನು ರಸ್ತೆ ನೋಡುತ್ತಲೇ ಕೇಳಿದ.

"ಶಿಕಾರಿಪುರದಲ್ಲಿ ಹೆಸರಿರೋರು ಮುಂದೆ ಆನವಟ್ಟಿ ಮನೆಗೆ ಬಂದ್ರೆ... ಹೆಸರು ಇಲ್ಲಿಗೆ ತರ್ಬಹುದೇನ್ರೀ?"

ಅವಳ ಕೆನ್ನೆ ಬಿಸಿಯಾಯಿತು. ಈ ಸಲ ನಾಚಿಕೆ ಬೇರೆಯೇ ಆಗಿತ್ತು.

"ತರ್ಬಹುದು."

"ಏನೇನ್ ಕಾಗದ ಕೇಳ್ತಾರೆ?"

"ಹೊಸ ಮನೆ ವಿಳಾಸದ್ದು ಒಂದು."

"ಒಂದೇನಾ?"

"ಒಂದೇ," ಎಂದಳು ಆತಿಫಾ. "ಹೆಚ್ಚಿಗೆ ಕೇಳಿದ್ರೆ, ಈ ಸಲ ಜಗಳ ಆಡೋಳು ನಾನು."