ಮಂಗಳವಾರ, ಶುಕ್ರವಾರ ಕೆಡುವ ಯಂತ್ರ

ಮಂಗಳವಾರ ಬೆಳಿಗ್ಗೆ 7 ಗಂಟೆ 42 ನಿಮಿಷಕ್ಕೆ ಠಾಣೆಗೆ ಬಂದ ದರ್ಜಿಯ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ ಅಲ್ಲಿನ ಹೆಡ್ ಕಾನ್‌ಸ್ಟೇಬಲ್. ತಾನು ಸೀನಿದ ಹೊತ್ತನ್ನೂ ಡೈರಿಯಲ್ಲಿ ಬರೆದಿಡುವ ಈ ಮಹಾಶಯನನ್ನು ಎಲ್ಲರೂ ಗಡಿಯಾರ ಎಂದೇ ಕರೆಯುತ್ತಾರೆ. ಹೆಂಡತಿಯೂ ಹಾಗೇ ಕರೆಯುತ್ತಾಳಂತೆ.

“ಯಾರ ಮೇಲೆ ದೂರು?” ಗಡಿಯಾರ ಕೇಳಿದ.

“ಮೆಷಿನ್ ಮೇಲೆ ಸ್ವಾಮಿ.”

ಗಡಿಯಾರ ಪೆನ್ನು ಕೆಳಗಿಟ್ಟ. “ಮೆಷಿನ್ ಮೇಲೆ ಕೇಸ್ ಹಾಕಕ್ಕಾಗಲ್ಲ ಯಜಮಾನ್ರೇ.”

“ಡಯಾಲಿಸಿಸ್ ಸೆಂಟರಲ್ಲಿ ಹನ್ನೆರಡು ಮೆಷಿನ್ ಇದಾವೆ. ನಾಲ್ಕನೇದು ಕೆಟ್ಟಿದೆ ಅಂತ ಮೂರು ಸಲ ನನ್ನ ಹೆಂಡ್ತಿ ಸರದಿ ತಪ್ಪಿಸಿದ್ರು. ಮಂಗಳವಾರ ಕೆಡುತ್ತೆ, ಬುಧವಾರ ಸರಿಹೋಗುತ್ತೆ, ಶುಕ್ರವಾರ ಮತ್ತೆ ಕೆಡುತ್ತೆ. ಮೂವತ್ತು ವರ್ಷ ಹೊಲಿಗೆ ಮೆಷಿನ್ ತುಳಿದೋನು ನಾನು. ವಾರ ನೋಡ್ಕೊಂಡು ಕೆಡೋ ಮೆಷಿನ್ ಎಲ್ಲಾದ್ರೂ ಉಂಟೇನ್ರೀ?”

ಒಳಕೋಣೆಯಿಂದ ಇನ್‌ಸ್ಪೆಕ್ಟರ್ ಚಹಾದ ಲೋಟ ಹಿಡಿದೇ ಹೊರಗೆ ಬಂದಳು. ಹದಿನೆಂಟು ವರ್ಷದ ನೌಕರಿಯಲ್ಲಿ ಅವಳಿಗೆ ಒಂದು ಅಭ್ಯಾಸ ಬಿದ್ದಿತ್ತು, ಯಾರಾದರೂ ಒಳ್ಳೆಯ ಪ್ರಶ್ನೆ ಕೇಳಿದರೆ ಸುಮ್ಮನೆ ಕೂರಲಾಗುತ್ತಿರಲಿಲ್ಲ.

“ನಿಮ್ಮ ಮನೆಯವರು ಈಗ ಎಲ್ಲಿದಾರೆ?”

“ಸೆಂಟರ್ ಬೆಂಚಿನ ಮೇಲೆ. ಕಾಲು, ಮುಖ ಎಲ್ಲ ಊದಿದೆ. ಸಂಜೆಯೊಳಗೆ ಮೆಷಿನ್‌ಗೆ ಹಾಕದಿದ್ರೆ ಉಳಿಯಲ್ಲ ಅಂದ್ರು ಡಾಕ್ಟ್ರು. ದೊಡ್ಡಾಸ್ಪತ್ರೆ ಆರು ಗಂಟೆ ದಾರಿ. ಅಷ್ಟು ದೂರ ತಡ್ಕೊಳ್ಳಲ್ವಂತೆ.” ಅಷ್ಟು ಹೇಳಿ ಅವನು ಗೋಡೆ ಕಡೆ ತಿರುಗಿದ. ಅಳುವ ಗಂಡಸನ್ನು ಕಂಡರೆ ಗಡಿಯಾರನಿಗೆ ಕೈಕಾಲೇ ಆಡುವುದಿಲ್ಲ. ಅವನು ಸರಸರನೆ ದೂರು ಬರೆದುಕೊಂಡ. 7.58ಕ್ಕೆ ಎಫ್ಐಆರ್ ದಾಖಲಾಯಿತು. ‘ಆರೋಪಿ’ ಎಂಬಲ್ಲಿ ‘ಗೊತ್ತಿಲ್ಲದ ವ್ಯಕ್ತಿ’ ಎಂದು ಬರೆದು, ವ್ಯಕ್ತಿಯೋ ಯಂತ್ರವೋ ಎಂದು ಒಂದು ಗಳಿಗೆ ತಲೆ ಕೆರೆದುಕೊಂಡ.

8.20. ಸೆಂಟರಿನ ಉದ್ದನೆಯ ಕೋಣೆಯಲ್ಲಿ ಹನ್ನೊಂದು ಯಂತ್ರಗಳು ಹನ್ನೊಂದು ಜನರ ರಕ್ತ ತೊಳೆಯುತ್ತಿದ್ದವು. ನಾಲ್ಕನೆಯದರ ಮೇಲೆ ಬಿಳಿ ಬಟ್ಟೆ ಹೊದಿಸಿತ್ತು. ಗೋಡೆಯ ಪರದೆಯಲ್ಲಿ ಅದರ ಮುಂದೆ ‘ದುರಸ್ತಿಯಲ್ಲಿದೆ’ ಎಂದಿತ್ತು. ಬಾಗಿಲಾಚೆ ಬೆಂಚಿನ ಮೇಲೆ ದರ್ಜಿಯ ಹೆಂಡತಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತದೆಂದು ರಾತ್ರಿಯೆಲ್ಲ ಹಾಗೇ ಕೂತಿದ್ದಳಂತೆ.

“ಈ ಯಂತ್ರ ಕೈಯಲ್ಲೇ ಶುರು ಮಾಡಕ್ಕಾಗಲ್ವಾ?” ಇನ್‌ಸ್ಪೆಕ್ಟರ್ ಹಿರಿಯ ನರ್ಸನ್ನು ಕೇಳಿದಳು.

“ಆಗಲ್ಲ ಮೇಡಂ. ಕಂಪ್ಯೂಟರ್ ಚೀಟಿ ನಂಬರ್ ಕೊಟ್ರೇನೇ ಅದು ಓಡೋದು. ಉಳಿದ ಹನ್ನೊಂದೂ ರಾತ್ರಿವರೆಗೆ ಭರ್ತಿ. ಮುಂಚೆ ಶಿಫಾರಸಿನೋರು ಸರದಿ ಹಾರಿ ಬರ್ತಿದ್ರು. ಅದನ್ನ ನಿಲ್ಲಿಸಕ್ಕೆ ಹೀಗೆ ಮಾಡಿದ್ದು.”

“ದುರಸ್ತಿ ಎಷ್ಟು ದಿನದಿಂದ?”

“ಎರಡೂವರೆ ತಿಂಗಳಿಂದ. ವಾರಕ್ಕೆರಡು ದಿನ.”

ಯಂತ್ರದ ಮೆಕ್ಯಾನಿಕ್ಕನನ್ನು ಕರೆಸಿದರು. ಅವನು ತನ್ನ ರಿಪೇರಿ ಪುಸ್ತಕ ತಿರುವಿದ. “ನಾಲ್ಕನೇದನ್ನ ನಾನು ಮುಟ್ಟೇ ಇಲ್ಲ ಮೇಡಂ. ಬೇರೆ ಕಂಪನಿಯೋರು ನೋಡ್ತಿದಾರೆ ಅಂದ್ಕೊಂಡಿದ್ದೆ.” ನರ್ಸು, ಇವನು ನೋಡುತ್ತಿದ್ದಾನೆ ಅಂದುಕೊಂಡಿದ್ದಳು. ಡಾಕ್ಟರು, ಇಬ್ಬರೂ ನೋಡುತ್ತಿದ್ದಾರೆ ಅಂದುಕೊಂಡಿದ್ದರು. ಪರದೆಯ ಮೇಲೆ ಅಚ್ಚುಕಟ್ಟಾಗಿ ಬರೆದಿದ್ದರೆ ಸಾಕು, ಓದಿದವರೆಲ್ಲ ಕಣ್ಣು ಮುಚ್ಚಿ ನಂಬುತ್ತೇವೆ. ಎರಡೂವರೆ ತಿಂಗಳಲ್ಲಿ ಇದು ನಿಜವೇ ಎಂದು ಕೇಳಿದವನು ದರ್ಜಿ ಒಬ್ಬನೇ.

9.15ಕ್ಕೆ ಸೆಂಟರಿನ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗಿ ಲ್ಯಾಪ್‌ಟಾಪ್ ಎದೆಗವಚಿಕೊಂಡು ಓಡಿಬಂದಳು.

“ನಮಗೆ ಅರ್ಥ ಆಗೋ ಹಾಗೆ ಹೇಳಮ್ಮಾ,” ಎಂದಳು ಇನ್‌ಸ್ಪೆಕ್ಟರ್.

“ಇದರಲ್ಲಿ ಮೂರು ಭಾಗ ಮೇಡಂ. ಮಾಡೆಲ್ ಅಂದ್ರೆ ಉಗ್ರಾಣ. ಯಾರಿಗೆ, ಯಾವ ದಿನ, ಯಾವ ಯಂತ್ರ ಅನ್ನೋದೆಲ್ಲ ಅಲ್ಲಿರುತ್ತೆ. ವ್ಯೂ ಅಂದ್ರೆ ಕಣ್ಣಿಗೆ ಕಾಣೋ ಪರದೆ. ಕಂಟ್ರೋಲರ್ ಅಂದ್ರೆ ಮಧ್ಯದಲ್ಲಿ ಕೂತ ಗುಮಾಸ್ತ. ಕೇಳಿದ್ದನ್ನ ಉಗ್ರಾಣದಿಂದ ತಂದು ಪರದೆಗೆ ಕೊಡ್ತಾನೆ.”

“ಸರಿ. ಮೂವರನ್ನೂ ಬೇರೆ ಬೇರೆ ಕೂರಿಸಿ ವಿಚಾರಿಸು.”

ಹುಡುಗಿ ಉಗ್ರಾಣ ತೆರೆದಳು. ಅಲ್ಲಿ ದುರಸ್ತಿಯ ಸುದ್ದಿಯೇ ಇರಲಿಲ್ಲ. ಎಲ್ಲ ಮಂಗಳವಾರ, ಎಲ್ಲ ಶುಕ್ರವಾರ, ನಾಲ್ಕನೇ ಯಂತ್ರ ಇಡೀ ದಿನ ಕಾರ್ಡ್ 118ಕ್ಕೆ ಮೀಸಲು ಎಂದಿತ್ತು. ಪರದೆ ಪಾಪ, ಹೇಳಿಕೊಟ್ಟಿದ್ದನ್ನೇ ತೋರಿಸುತ್ತಿತ್ತು.

“ಹಾಗಾದ್ರೆ ಸುಳ್ಳುಬುರುಕ ಗುಮಾಸ್ತ. ಅವನನ್ನ ಬರೆದೋಳು ನೀನೇ ಅಲ್ವಾ?”

ಹುಡುಗಿಯ ಮುಖ ಬಿಳಿಚಿಕೊಂಡಿತು. “ನನ್ನ ಭಾಗ ಸರಿಯಾಗಿದೆ ಮೇಡಂ, ಈಗಷ್ಟೇ ನೋಡಿದೆ. ಆದ್ರೆ ನಾನು ಬರೆದಿರೋದು ಒಂದು ಫ್ರೇಮ್‌ವರ್ಕ್ ಮೇಲೆ. ಅಡಿಪಾಯ, ಕಂಬ, ತೊಲೆ ಎಲ್ಲ ಅದರದ್ದು. ಓಪನ್ ಸೋರ್ಸ್. ಯಾರು ಬೇಕಾದ್ರೂ ಓದಬಹುದು, ಬಳಸಬಹುದು, ತಿದ್ದಿ ಕಳಿಸಬಹುದು. ಎಲ್ಲ ಬಿಟ್ಟಿ.”

“ಬಿಟ್ಟಿಯಾಗಿ ದುಡಿಯೋರು ಇದಾರಾ ಈ ಕಾಲದಲ್ಲಿ?” ಗಡಿಯಾರ ನಂಬಲಿಲ್ಲ.

“ಇದಾರೆ ಸರ್.”

ಜಗತ್ತಿಗೆಲ್ಲ ತೆರೆದಿಟ್ಟ ಮೂಲ ಪ್ರತಿಯನ್ನೂ ಸೆಂಟರಿನ ಪ್ರತಿಯನ್ನೂ ಅವಳು ಪಕ್ಕಪಕ್ಕ ಇಟ್ಟು ಹೋಲಿಸತೊಡಗಿದಳು. ಹೊರಗೆ ದರ್ಜಿ ಬಾಗಿಲ ಗಾಜಿಗೆ ಮೂಗು ಒತ್ತಿ ನಿಂತಿದ್ದ. ಹತ್ತು ಗಂಟೆಗೆ ಅವನ ಹೆಂಡತಿಗೆ ಆಮ್ಲಜನಕ ಕೊಟ್ಟರು. ನರ್ಸ್ ಎರಡು ಸಲ ಬಂದು, ಏನೂ ಕೇಳದೆ, ಲ್ಯಾಪ್‌ಟಾಪ್ ನೋಡಿ ಹೋದಳು. ಇನ್‌ಸ್ಪೆಕ್ಟರ್ ಮತ್ತೆ ಮತ್ತೆ ಬಾಗಿಲಾಚೆಯ ಬೆಂಚಿನ ಕಡೆ ನೋಡುತ್ತಿದ್ದಳು. ಕಳ್ಳ ಸಿಗಲಿ ಬಿಡಲಿ, ಈ ಹೆಂಗಸು ಕಣ್ಣೆದುರಿಗೇ ಹೋಗಿಬಿಟ್ಟರೆ?

10.34. “ಸಿಕ್ತು!” ಕಂಟ್ರೋಲರಿನ ಒಂದು ಕಡತದಲ್ಲಿ ಮೂಲದಲ್ಲಿಲ್ಲದ ಒಂಬತ್ತು ಸಾಲು: ಕಾರ್ಡ್ 118 ಬರುವವರೆಗೆ ನಾಲ್ಕನೇ ಯಂತ್ರವನ್ನು ಬೇರೆ ಯಾರಿಗೂ ಕೊಡಬೇಡ, ‘ದುರಸ್ತಿಯಲ್ಲಿದೆ’ ಎಂದು ತೋರಿಸು. ಜೊತೆಗೆ ಒಂದು ಹೆಚ್ಚಿನ ಕಡತ. ಅದನ್ನು ತೆರೆದವಳು ಬಾಯಿಗೆ ಕೈ ಇಟ್ಟುಕೊಂಡಳು. “ಇದು ಟೆಸ್ಟ್ ಮೇಡಂ! ಬರೆದಿದ್ದು ಸರಿಯಾಗಿ ಕೆಲಸ ಮಾಡುತ್ತಾ ಅಂತ ನೋಡೋ ಪರೀಕ್ಷೆ. ಕಳ್ಳ ಸಾಲಿಗೂ ಟೆಸ್ಟ್ ಬರೆದಿದಾರೆ.”

“ಕನ್ನ ಕೊರೆದು ಅಳತೆ ಸರಿಯಾಗಿದೆಯಾ ಅಂತ ಟೇಪ್ ಹಿಡಿದ ಹಾಗಾಯ್ತು,” ಎಂದ ಗಡಿಯಾರ.

ಪ್ರತಿ ಟೆಸ್ಟಿಗೂ ತಲೆಯ ಮೇಲೆ, ಅದು ಏನನ್ನು ಪರೀಕ್ಷಿಸುತ್ತದೆ ಎಂದು ಒಂದು ವಾಕ್ಯ ಬರೆಯುವುದು ರೂಢಿ. ಇದರ ವಾಕ್ಯ ಹೀಗಿತ್ತು: ‘ಅವಳು ತಡವಾಗಿ ಬಂದರೂ ಯಂತ್ರ ಕಾದಿರಬೇಕು.’

“ಇಂಥ ಕೆಲಸ ಯಾರು ಮಾಡ್ತಾರೆ?”

ಹುಡುಗಿ ಲ್ಯಾಪ್‌ಟಾಪ್ ಅರ್ಧ ಮುಚ್ಚಿದಳು. ಕಣ್ಣು ತುಂಬಿಕೊಂಡಿತ್ತು. ಮೆಲ್ಲಗೆ ಹೇಳಿದಳು. “ಫ್ರೇಮ್‌ವರ್ಕ್ ಕಟ್ಟಿದೋರಲ್ಲಿ ಒಬ್ರು ಈ ಊರಲ್ಲೇ ಇದಾರೆ. ಸೆಂಟರಿಗೆ ಇದನ್ನ ಪುಕ್ಕಟೆ ಹಾಕಿಕೊಟ್ಟೋರು. ನನಗೆ ಕೆಲಸ ಕಲಿಸಿದೋರು. ನಾವೆಲ್ಲ ಟೆಸ್ಟಣ್ಣ ಅಂತೀವಿ. ಟೆಸ್ಟ್ ಇಲ್ಲದ ತಿದ್ದುಪಡಿ ಯಾರು ಕಳಿಸಿದ್ರೂ ವಾಪಸ್ ಮುಖಕ್ಕೆ ಎಸೀತಿದ್ರು.”

ಅಷ್ಟರಲ್ಲಿ ನರ್ಸ್ ಹಳೆಯ ನೋಂದಣಿ ಪುಸ್ತಕ ತಂದಳು. ಕಾರ್ಡ್ 118: ವೃದ್ಧೆ, ಎಪ್ಪತ್ತೊಂದು ವರ್ಷ. ತೀರಿಕೊಂಡು ಹನ್ನೊಂದು ವಾರ. ಸಂಬಂಧಿಕರು ಎಂಬಲ್ಲಿ ‘ಮಗ’ ಎಂದು ಬರೆದು ಸಹಿ ಮಾಡಿತ್ತು. ಹುಡುಗಿ ಸಹಿ ನೋಡಿ ತಲೆಯಾಡಿಸಿದಳು.

“ಆ ಒಂಬತ್ತು ಸಾಲು ಈಗಲೇ ಕಿತ್ತು ಹಾಕು,” ಎಂದಳು ಇನ್‌ಸ್ಪೆಕ್ಟರ್.

“ಹನ್ನೊಂದು ಜನ ಯಂತ್ರದಲ್ಲಿದಾರೆ ಮೇಡಂ. ಈ ಸಾಲು ಇನ್ನೆಲ್ಲೆಲ್ಲಿ ಗಂಟು ಹಾಕ್ಕೊಂಡಿದೆಯೋ ನನಗೆ ಗೊತ್ತಿಲ್ಲ. ಎಲ್ಲ ಒಟ್ಟಿಗೆ ನಿಂತುಬಿಟ್ರೆ? ಬರೆದೋರನ್ನೇ ಕೇಳಬೇಕು. ಸಹಾಯಕ್ಕೆ ಅಂತ ಬೆಳಿಗ್ಗೆಯಿಂದ ಮಾಡ್ತಿದೀನಿ, ಅವರು ಫೋನ್ ಎತ್ತುತ್ತಿಲ್ಲ.”

ಔಷಧಿ ಅಂಗಡಿಯವನನ್ನೂ ಕ್ಯಾಂಟೀನಿನ ಅಡುಗೆಯವಳನ್ನೂ ಪಂಚರಾಗಿ ಕೂರಿಸಿ, ಕಡತಗಳ ನಕಲು ತೆಗೆಸಿ, 11.10ಕ್ಕೆ ಪಂಚನಾಮೆ ಮುಗಿಸಿ ಜೀಪು ಹತ್ತಿದರು.

ಎರಡನೇ ಮಹಡಿಯ ಮನೆ. ಬಾಗಿಲು ತೆರೆದೇ ಇತ್ತು. ನಲವತ್ತೈದರ ಆಸುಪಾಸಿನ ಗಂಡಸು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಬಾಗಿಲ ಹಿಂದೆ ಮೊಳೆಗೆ ಒಂದು ಚೀಲ ನೇತಾಡುತ್ತಿತ್ತು. ಒಳಗೆ ಫ್ಲಾಸ್ಕು, ಮಡಿಸಿದ ಕಂಬಳಿ, ಉಣ್ಣೆಯ ಕಾಲುಚೀಲ.

“ಕಾರ್ಡ್ 118 ಯಾರದು?”

“ಅಮ್ಮಂದು.”

“ಒಂಬತ್ತು ಸಾಲು ಬರೆದೋರು?”

“ನಾನೇ.” ಅವನು ಕನ್ನಡಕ ತೆಗೆದ. “ಟೆಸ್ಟ್ ನೋಡಿ ಗೊತ್ತಾಯ್ತಾ?”

“ಹೂಂ. ಯಾಕೆ ಬರೆದ್ರಿ ಅದನ್ನ?”

“ಟೆಸ್ಟ್ ಇಲ್ದೆ ಒಂದು ಸಾಲೂ ಬರೆದೋನಲ್ಲ ನಾನು, ಇಪ್ಪತ್ತು ವರ್ಷದಲ್ಲಿ. ಕೈ ತಾನಾಗೇ ಬರೆಯುತ್ತೆ.”

“ಅವರು ಹೋದ ಮೇಲೂ ಯಾಕೆ ತೆಗೀಲಿಲ್ಲ?”

ಅವನು ಚೀಲದ ಕಡೆ ನೋಡಿದ. “ಒಂದು ಯಂತ್ರ ಸುಮ್ನೆ ನಿಂತಿದ್ರೆ ಯಾರಿಗೇನು ನಷ್ಟ ಅಂತ...”

“ಏನ್ರೀ ಹೀಗಂತೀರಿ!” ಇನ್‌ಸ್ಪೆಕ್ಟರಿಗೆ ಸಿಟ್ಟು ನೆತ್ತಿಗೇರಿತು. “ಸರದಿಯಲ್ಲಿ ಎಷ್ಟು ಜನ ಕಾಯ್ತಾರೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಲ್ಲಿ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದಾರೆ. ಒಂದು ಮಾತಾಡಕ್ಕೆ ಮೂರು ಸಲ ಉಸಿರು ತಗೋತಿದಾರೆ. ನಿಮ್ಮಮ್ಮನಿಗೆ ಹಾಗೇ ಆಗ್ತಿತ್ತಲ್ವಾ?”

ಅವನು ಎದ್ದ. ಚಪ್ಪಲಿ ಹುಡುಕಲಿಲ್ಲ. “ನಡೀರಿ, ನಡೀರಿ,” ಎಂದವನೇ ಪೊಲೀಸರಿಗಿಂತ ಮುಂದೆ ಮೆಟ್ಟಿಲಿಳಿದ.

12.25. ಸೆಂಟರಿನಲ್ಲಿ ಅವನು ಹುಡುಗಿಯ ಹಿಂದೆ ನಿಂತ. “ಆ ಸಾಲು ಬೇರೆಲ್ಲೂ ಅಂಟಿಕೊಂಡಿಲ್ಲ. ಧೈರ್ಯವಾಗಿ ತೆಗಿ.” ಅವಳು ತೆಗೆದಳು. ಹನ್ನೊಂದು ಯಂತ್ರಗಳ ಸದ್ದು ನಿಲ್ಲಲಿಲ್ಲ. ಲ್ಯಾಪ್‌ಟಾಪಿನ ಮೇಲೆ ಮಾತ್ರ ಒಂದು ಸಾಲು ಕೆಂಪಗೆ ಮೂಡಿತು. ‘ಅವಳು ತಡವಾಗಿ ಬಂದರೂ ಯಂತ್ರ ಕಾದಿರಬೇಕು — ವಿಫಲ.’

ಹುಡುಗಿ ತಿರುಗಿ ಅವನ ಮುಖ ನೋಡಿದಳು. ಅವನು ಕೈ ಚಾಚಿ, ಆ ಟೆಸ್ಟನ್ನು ತಾನೇ ಅಳಿಸಿದ.

12.31ಕ್ಕೆ ಪರದೆಯಲ್ಲಿ ನಾಲ್ಕನೆಯ ಯಂತ್ರ ‘ಖಾಲಿ’ ಎಂದಾಯಿತು. 12.48ಕ್ಕೆ ದರ್ಜಿಯ ಹೆಂಡತಿಯನ್ನು ಅದಕ್ಕೆ ಹಾಕಿದರು. ಸಂಜೆ ನಾಲ್ಕರ ಹೊತ್ತಿಗೆ ಅವಳ ಉಸಿರು ಹದಕ್ಕೆ ಬಂದಿತ್ತು. ಕಣ್ಣು ಬಿಟ್ಟು ಗಂಡನನ್ನು ಕೇಳಿದಳಂತೆ, “ಇದು ಯಾರ ಸರದಿ ರೀ? ಯಾರಿಗಾದ್ರೂ ತಪ್ಪಿಸಿದ್ರಾ?” ದರ್ಜಿ, “ನಿಂದೇ ಕಣೇ, ಮಲ್ಕೋ,” ಎಂದ.

ಬಂಧನ 12.55ಕ್ಕೆ. ಹೇಳಿಕೆ ಒಂದೇ ಪುಟ. ಅಮ್ಮ ಸೆಂಟರಿಗೆ ಬಸ್ಸಿನಲ್ಲಿ ಬರುತ್ತಿದ್ದಳು, ಮಗನಿಗೆ ಕೆಲಸವಿದೆಯೆಂದು ಒಬ್ಬಳೇ. ಎರಡು ಸಲ ಬಸ್ಸು ತಡವಾಗಿ ಸರದಿ ತಪ್ಪಿತು. ಎರಡನೇ ಸಲ ಪ್ರಜ್ಞೆ ತಪ್ಪಿ ಬಿದ್ದಳು. ಅವತ್ತೇ ಅವನು ಆ ಸಾಲುಗಳನ್ನು ಬರೆದ. ಆಮೇಲೆ ವಾರಕ್ಕೆರಡು ದಿನ ಚೀಲ ಹಿಡಿದು ತಾನೇ ಜೊತೆಗೆ ಹೋದ.

ಮರುದಿನ ಹುಡುಗಿ ಕಂಪ್ಯೂಟರಿನ ದಾಖಲೆಯನ್ನು ತಂದುಕೊಟ್ಟಳು. ಗಡಿಯಾರ ತನ್ನ ಸ್ವಭಾವದಂತೆ ಎಲ್ಲ ಹೊತ್ತುಗಳನ್ನೂ ಸಾಲಾಗಿ ನಕಲು ಮಾಡಿದ. ತಾಯಿ ಸತ್ತ ಮೇಲೆ ಮಗ ಆ ಕಡತವನ್ನು ಇಪ್ಪತ್ತೆರಡು ಸಲ ತೆರೆದಿದ್ದ. ಎಲ್ಲವೂ ಮಂಗಳವಾರ, ಶುಕ್ರವಾರ, ಬೆಳಿಗ್ಗೆ ಏಳೂಕಾಲಿಗೆ, ಇಬ್ಬರೂ ಮನೆ ಬಿಡುತ್ತಿದ್ದ ಹೊತ್ತಿಗೆ. ಒಂದು ಅಕ್ಷರವನ್ನೂ ಬದಲಿಸದೆ ಮುಚ್ಚಿದ್ದ. ಕೊನೆಯ ಸಲ ತೆರೆದದ್ದು ದರ್ಜಿ ಬರಿಗಾಲಲ್ಲಿ ಠಾಣೆಯ ದಾರಿ ಹಿಡಿದಿದ್ದ ಆ ಮಂಗಳವಾರ ಬೆಳಿಗ್ಗೆಯೇ.

ಇಪ್ಪತ್ತೆರಡನೆಯ ಹೊತ್ತನ್ನು ಬರೆದ ಮೇಲೆ ಗಡಿಯಾರ ಡೈರಿ ಮುಚ್ಚಿ, ಊರಿನಲ್ಲಿದ್ದ ತನ್ನ ತಾಯಿಗೆ ಫೋನ್ ಮಾಡಿದ. ಎಷ್ಟು ಗಂಟೆಗೆ ಮಾಡಿದನೆಂದು ಎಲ್ಲೂ ಬರೆದಿಲ್ಲ.